ಹತ್ತು ನೀಲಿ ಎಂಜಿನ್, ಒಂದೇ ನಂಬರು

ನಿವೃತ್ತಿಯ ನೆನಪು ಬರೆಯುವ ವಯಸ್ಸು ನನಗಿನ್ನೂ ಆಗಿಲ್ಲ, ಮೂವತ್ತನಾಲ್ಕು. ಆದರೆ ಮಾದರಿ ರೈಲುಗಳನ್ನು ರಿಪೇರಿ ಮಾಡುವ ಅಂಗಡಿಯಲ್ಲಿ ಹನ್ನೊಂದು ವರ್ಷ ಬಗ್ಗಿ ಕೂತವನ ಬೆನ್ನು ಅವನಿಗಿಂತ ಮೊದಲೇ ಅರವತ್ತು ದಾಟುತ್ತದೆ. ಕಣ್ಣು ಅದಕ್ಕೂ ಸೀನಿಯರ್. ಅಂಗಡಿ ಮುಚ್ಚಿದ ದಿನ ನನ್ನನ್ನು ಬೀಳ್ಕೊಡಲು ಸೇರಿದ್ದರಲ್ಲಿ ನನಗಿಂತ ಕಿರಿಯದು ಎಂದರೆ ಕೇಕು ಮಾತ್ರ.

ಈಗ ನಮ್ಮ ಮಾದರಿ ರೈಲು ಕ್ಲಬ್ಬಿನ ರಿಪೇರಿ ಮೇಜಿಗೆ ಕಾಲೇಜು ಓದುವ ಇಬ್ಬರು ಬಂದಿದ್ದಾರೆ, ಇಬ್ಬರೂ ಕನ್ನಡದ ಮನೆಯವರೇ. "ಅಣ್ಣಾ, ವಾಟ್ ಈಸ್ ದ ಜಾಬ್ ಆಕ್ಚುಲೀ ಲೈಕ್?" ಎಂದು ಕೇಳಿದರು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅವರಿಗೆ ಕನ್ನಡ ಓದಲು ಬರುವುದಿಲ್ಲ. ಅಪ್ಪ ಅಮ್ಮ ಓದಿ ಹೇಳಲಿ. ಆ ನೆಪದಲ್ಲಾದರೂ ಆ ಮನೆಗಳಲ್ಲಿ ಒಂದು ಸಂಜೆ ಮಾತುಕತೆ ನಡೆದೀತು.

ಅಂಗಡಿ ಇದ್ದದ್ದು ನ್ಯೂಯಾರ್ಕಿನಿಂದ ಒಂದು ಗಂಟೆ ದೂರದ ಊರು ಮಾನ್ಮತ್ ಜಂಕ್ಷನ್‌ನ ಒಂದು ಸ್ಟ್ರಿಪ್ ಮಾಲ್‌ನಲ್ಲಿ. ಒಂದು ಪಕ್ಕ ಹಲ್ಲಿನ ಡಾಕ್ಟರು, ಇನ್ನೊಂದು ಪಕ್ಕ ಇಂಡಿಯನ್ ಗ್ರಾಸರಿ. ಹಿಂದೆ ಸ್ವಲ್ಪ ದೂರದಲ್ಲಿ ನಿಜವಾದ ರೈಲು ಹಳಿ. ನ್ಯೂಯಾರ್ಕಿನಿಂದ ಬರುವ ವೇಗದ ಗಾಡಿ ಹೋದಾಗಲೆಲ್ಲ ಕಪಾಟಿನ ಮೇಲಿನ ಪುಟ್ಟ ರೈಲುಗಳು ದೊಡ್ಡಣ್ಣನನ್ನು ಕಂಡ ತಮ್ಮಂದಿರ ಹಾಗೆ ಒಮ್ಮೆ ಅಲುಗುತ್ತಿದ್ದವು. ನಮ್ಮಮ್ಮ ಪಕ್ಕದೂರು ಪ್ಲೇನ್ಸ್‌ಬರೋದ ಆಂಟಿಯರ ಮುಂದೆ "ಮಗ ಟ್ರಾನ್ಸ್‌ಪೋರ್ಟೇಶನ್‌ನಲ್ಲಿದ್ದಾನೆ" ಎನ್ನುತ್ತಿದ್ದರು. ಸುಳ್ಳೇನಲ್ಲ. ಅಳತೆ ಮಾತ್ರ ಎಂಬತ್ತೇಳರಲ್ಲಿ ಒಂದು ಪಾಲು.

ಅಂಗಡಿಯ ಯಜಮಾನರು ಸ್ಟ್ಯಾನ್. ಇಡೀ ಆಯುಷ್ಯ ನಿಜವಾದ ಕಮ್ಯೂಟರ್ ರೈಲು ಓಡಿಸಿ, ನಿವೃತ್ತರಾದ ಮರುವಾರವೇ ಈ ಅಂಗಡಿ ಕೊಂಡವರು. ಮಾತು ಕಡಿಮೆ. ನನಗೆ ಕೆಲಸ ಕೊಟ್ಟ ದಿನ ಒಂದು ಸತ್ತ ಎಂಜಿನ್ನನ್ನು ಮೇಜಿನ ಮೇಲಿಟ್ಟು, "ಇದನ್ನು ಬಿಚ್ಚು. ಬಿಚ್ಚುವಾಗ ಒಂದು ಸ್ಕ್ರೂ ನೆಲಕ್ಕೆ ಬೀಳುತ್ತದೆ. ಅದು ಸಿಗೋವರೆಗೂ ಹುಡುಕು. ಅಷ್ಟೇ ಟ್ರೈನಿಂಗ್" ಎಂದರು. ಎರಡು ಗಂಟೆ ನೆಲದ ಮೇಲೆ ತೆವಳಿದೆ. ಆ ಸ್ಕ್ರೂ ನನ್ನ ಶರ್ಟಿನ ಮಡಿಕೆಯಲ್ಲಿತ್ತು. ಅವರಿಗೆ ಮೊದಲೇ ಕಂಡಿತ್ತಂತೆ.

ನನ್ನ ಮೊದಲ ದೊಡ್ಡ ಕೇಸು ಸೀತಾರಾಮ್ ಅಂಕಲ್ ಅವರದು. ಪ್ಲೇನ್ಸ್‌ಬರೋದವರು, ಔಷಧ ಕಂಪನಿಯಲ್ಲಿ ಕೆಮಿಸ್ಟ್ ಆಗಿದ್ದು ನಿವೃತ್ತರಾದವರು. ಚಳಿಗಾಲದಲ್ಲಿ ಅವರ ತಲೆ ಮೇಲಿನ ಉಣ್ಣೆಯ ಮಂಕಿ ಕ್ಯಾಪು ಇಳಿದದ್ದನ್ನು ಯಾರೂ ಕಂಡಿರಲಿಲ್ಲ. ಅದು ತೆಗೆಯಲು ಬರುತ್ತದೆಯೋ ಇಲ್ಲವೋ ಎಂದೇ ನನಗೆ ಅನುಮಾನವಿತ್ತು. ಒಂದು ಜನವರಿಯಲ್ಲಿ ಬಟ್ಟೆಯಲ್ಲಿ ಸುತ್ತಿದ ಎಂಜಿನ್ ತಂದರು.

"ಕಿಟ್ಟಿ, ಇದು ಅಲುಗಾಡ್ತಾನೇ ಇಲ್ಲ ಕಣೋ. ಮೋಟ್ರು ಹೋಗಿದೆ."

ಬಿಚ್ಚಿದೆ. ಗೇರುಗಳ ನಡುವೆ ಬೆಳ್ಳಗೆ, ಗಟ್ಟಿಯಾಗಿ, ಮೇಣದ ಹಾಗೆ ಏನೋ ಕೂತಿತ್ತು. ಮೂಸಿದರೆ ನಮ್ಮಜ್ಜಿಯ ತಲೆಯ ವಾಸನೆ.

"ಅಂಕಲ್, ಏನು ಎಣ್ಣೆ ಹಾಕಿದ್ರಿ?"

"ಕೊಬ್ಬರಿ ಎಣ್ಣೆ. ಪ್ಯೂರ್ ಕಣೋ, ಕೋಲ್ಡ್ ಪ್ರೆಸ್ಡ್. ಇವರ ಕೆಮಿಕಲ್ ಎಲ್ಲಾ ಯಾಕೆ?"

"ಬೇಸ್‌ಮೆಂಟ್‌ನಲ್ಲಿ ರೈಲು ಇಟ್ಟಿರೋ ಕಡೆ ಹೀಟ್ ಇದೆಯಾ?"

"ಬೇಸ್‌ಮೆಂಟಿಗೆಲ್ಲ ಯಾರು ಹೀಟ್ ಹಾಕ್ತಾರೆ?"

"ಚಳಿಗೆ ಕೊಬ್ಬರಿ ಎಣ್ಣೆ ಏನಾಗುತ್ತೆ ಅಂಕಲ್? ನೀವು ಕೆಮಿಸ್ಟ್ ಅಲ್ವಾ?"

ಅವರು ಕ್ಯಾಪಿನ ಮೇಲಿಂದಲೇ ತಲೆ ಕೆರೆದುಕೊಂಡು, "ಅದು ಆಫೀಸಲ್ಲಿ" ಎಂದರು.

ಹೇರ್ ಡ್ರೈಯರ್ ಹಿಡಿದು ಎಣ್ಣೆ ಕರಗಿಸಿದೆ. ಅಂಗಡಿಯೆಲ್ಲ ಘಮಘಮ. ಸ್ಟ್ಯಾನ್ ಒಳಗಿನಿಂದ ಬಂದು, "ಯಾರಾದ್ರೂ ಕುಕೀ ಬೇಯಿಸ್ತಿದ್ದಾರಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೊರಟುಹೋದರು.

ನನ್ನ ದೊಡ್ಡ ತಪ್ಪುಗಳಲ್ಲಿ ಮೊದಲನೆಯದು ಬಾಯಿಯದು. ನನಗೆ ಚಿಕ್ಕಂದಿನಿಂದ ಮಿಮಿಕ್ರಿಯ ಚಟ. ಹಿಂದುಮುಂದು ನೋಡದೆ ಎಲ್ಲರ ದನಿ ಎತ್ತುತ್ತೇನೆ. ಅದಕ್ಕಾಗಿಯೇ ಗಿರಾಕಿಗಳ ಮನೆಯ ಪುಟ್ಟ ಸ್ಟೇಷನ್ನುಗಳಿಗೆ ಅನೌನ್ಸ್‌ಮೆಂಟ್ ರೆಕಾರ್ಡ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಸ್ಟ್ಯಾಟನ್ ಐಲ್ಯಾಂಡಿನ ಒಬ್ಬರಿಗೆ ಕಳಿಸುವಾಗ ಪರೀಕ್ಷೆಗೆಂದು ನಾನು ಮಾಡಿಕೊಂಡಿದ್ದ ಕನ್ನಡದ ತುಣುಕನ್ನು ಅಳಿಸಲು ಮರೆತೆ. ಅವರು ಕ್ರಿಸ್‌ಮಸ್ ಔತಣಕ್ಕೆ ನೆಂಟರನ್ನೆಲ್ಲ ಕೂರಿಸಿ ರೈಲು ಬಿಟ್ಟರೆ ಸ್ಟೇಷನ್ನು, "ಮುಂದಿನ ನಿಲ್ದಾಣ ನಮ್ಮಮ್ಮನ ಅಡುಗೆಮನೆ. ಬಾಗಿಲು ಎಡಗಡೆ ತೆರೆಯುತ್ತದೆ. ಬಾಯಿ ತೆರೆಯಬೇಡಿ" ಎಂದಿತಂತೆ. ಸ್ಟ್ಯಾನ್ ನನ್ನನ್ನು ಎರಡು ಸೇತುವೆ ದಾಟಿಸಿ ಕ್ಷಮೆ ಕೇಳಲು ಕಳಿಸಿದರು. ಅಳಿಸಿ ಕೊಡುತ್ತೇನೆಂದರೆ ಆ ಮನೆಯವರು ಬಿಡಲಿಲ್ಲ. ನೆಂಟರಿಗೆ ಅದೇ ಇಷ್ಟವಾಯಿತಂತೆ.

ಎರಡನೆಯ ತಪ್ಪಿಗೆ ಹಾಗೆ ಕ್ಷಮೆ ಸಿಗಲಿಲ್ಲ.

ಕೊನೆಯ ಮೂರು ವರ್ಷಗಳಿಂದ ಸ್ಟ್ಯಾನ್ ಅವರ ಕೈ ನಡುಗುತ್ತಿತ್ತು. ಬಲಗೈ ಹೆಚ್ಚು. ಸ್ಕ್ರೂಡ್ರೈವರ್ ಮುಟ್ಟುವುದನ್ನು ಬಿಟ್ಟಿದ್ದರು. ಕಾಫಿ ಲೋಟವನ್ನು ಎರಡೂ ಕೈಯಲ್ಲಿ, ಪೂಜೆಗೆ ಕಲಶ ಎತ್ತುವವರ ಹಾಗೆ ಎತ್ತುತ್ತಿದ್ದರು. ಯಾರೂ ಆ ವಿಷಯ ಆಡುತ್ತಿರಲಿಲ್ಲ. ಒಂದು ದಿನ ಸೀತಾರಾಮ್ ಅಂಕಲ್‌ಗೆ ನಾನು ಸ್ಟ್ಯಾನ್ ಅವರ ನಡಿಗೆ, ದನಿ ಎಲ್ಲ ಮಾಡಿ ತೋರಿಸುತ್ತಿದ್ದೆ. ಅವರು ನಕ್ಕರು. ನಗಿಸುವವನಿಗೆ ನಿಲ್ಲಿಸುವುದು ಗೊತ್ತಿರುವುದಿಲ್ಲ, ಲೋಟವನ್ನೂ ಎತ್ತಿದೆ. ಅಂಕಲ್ ನಗು ಅಲ್ಲೇ ನಿಂತಿತು. ಎದುರಿನ ಗಾಜಿನ ಕಪಾಟಿನಲ್ಲಿ, ನನ್ನ ಬೆನ್ನ ಹಿಂದೆ ನಿಂತ ಸ್ಟ್ಯಾನ್ ಕಂಡರು.

ಅವರು ಸ್ವಲ್ಪ ಹೊತ್ತು ನೋಡಿ, "ಎಡಗೈ ಇನ್ನೂ ಸ್ವಲ್ಪ ಕೆಳಗಿರಬೇಕು" ಎಂದು ತಿದ್ದಿ ಒಳಗೆ ಹೋದರು.

ಬೈದಿದ್ದರೆ ಆ ದಿನಕ್ಕೆ ಮುಗಿಯುತ್ತಿತ್ತು.

ಇನ್ನು ನೀಲಿ ರೈಲಿನ ಕಥೆ. ಕೆಲವು ವರ್ಷಗಳ ಹಿಂದೆ ತೀರಿಕೊಂಡ, ದೇಶದ ಒಬ್ಬ ಮಾಜಿ ಅಧ್ಯಕ್ಷರ ಗೌರವಕ್ಕೆ, ಅವರು ಬದುಕಿದ್ದಾಗಲೇ ಒಂದು ಸರಕು ರೈಲಿನ ಎಂಜಿನ್ನಿಗೆ ಅಧ್ಯಕ್ಷರ ವಿಮಾನದ ನೀಲಿ ಬಿಳಿ ಬಣ್ಣ ಬಳಿದಿದ್ದರು. ಅವರು ಎಷ್ಟನೆಯ ಅಧ್ಯಕ್ಷರೋ ಆ ಸಂಖ್ಯೆಯನ್ನು ಎರಡು ಸಲ ಬರೆದರೆ ಆಗುವ ನಾಲ್ಕಂಕಿಯೇ ಅದರ ನಂಬರು. ಮುದುಕರು ಅದನ್ನು ಹತ್ತಿ ಸ್ವಲ್ಪ ದೂರ ಓಡಿಸಿಯೂ ನೋಡಿದ್ದರಂತೆ. ಅವರು ಹೋದಾಗ ಅದೇ ಎಂಜಿನ್ ಟೆಕ್ಸಾಸಿನಲ್ಲಿ ಅವರ ಶವಪೆಟ್ಟಿಗೆಯನ್ನು ಎಳೆದುಕೊಂಡು ಹೋಯಿತು. ಒಂದು ಬೋಗಿಯ ಪಕ್ಕಗಳನ್ನು ಪಾರದರ್ಶಕ ಮಾಡಿದ್ದರು, ಹಳಿಯ ಬದಿಯಲ್ಲಿ ನಿಂತವರಿಗೆಲ್ಲ ಕಾಣಲಿ ಎಂದು.

ಮನ್ರೋದ ಸಭಾಭವನವೊಂದರ ಬೇಸ್‌ಮೆಂಟ್‌ನಲ್ಲಿ ನಮ್ಮ ಕ್ಲಬ್ಬಿನ ಲೇಔಟ್ ಇದೆ: ಕೋಣೆ ತುಂಬ ಬೆಟ್ಟ, ಊರು, ಸೇತುವೆ, ಹಳಿ. ಪ್ರತಿ ಡಿಸೆಂಬರಿನ ಒಂದು ಶನಿವಾರ ಬೆಳಿಗ್ಗೆ ಅಲ್ಲಿ ಆ ಅಂತಿಮಯಾತ್ರೆಯ ರೈಲನ್ನು ಓಡಿಸುತ್ತೇವೆ. ಬೇರೆಲ್ಲ ರೈಲುಗಳು ನಿಲ್ಲಬೇಕು. ಟೋಪಿ ತೆಗೆಯಬೇಕು. ಹೊರಟ ರೈಲು ಕೊನೆಯ ಸ್ಟೇಷನ್ನಿನವರೆಗೆ ನಡುವೆ ಎಲ್ಲೂ ನಿಲ್ಲಬಾರದು. ಕ್ಲಬ್ಬಿನಲ್ಲಿ ಅರ್ಧ ಜನ ಆ ಅಧ್ಯಕ್ಷರಿಗೆ ವೋಟು ಹಾಕಿದವರಲ್ಲ. "ವೋಟು ಹಾಕದವರೂ ಟೋಪಿ ತೆಗೀಬಹುದು" ಎಂದು ಸ್ಟ್ಯಾನ್ ಮೊದಲ ವರ್ಷವೇ ಇತ್ಯರ್ಥ ಮಾಡಿದ್ದರು. ಸೀತಾರಾಮ್ ಅಂಕಲ್‌ಗೆ ಮಾತ್ರ ವಿನಾಯಿತಿ ಬೇಕಿತ್ತು: "ಕಿವಿಗೆ ಗಾಳಿ ಹೋಗುತ್ತಪ್ಪ. ಮನಸ್ಸಿನಲ್ಲೇ ತೆಗೆದಿದೀನಿ."

ರೈಲು ಓಡಿಸುವವರು ಯಾವಾಗಲೂ ಸ್ಟ್ಯಾನ್. ಅದರ ಕಾರಣವನ್ನು ನನಗೆ ಒಮ್ಮೆ ಮಾತ್ರ ಹೇಳಿದರು. ಹತ್ತೊಂಬತ್ತರ ವಯಸ್ಸಿನಲ್ಲಿ, ರೈಲ್ವೆಗೆ ಹೊಸದಾಗಿ ಸೇರಿದ್ದಾಗ, ಗುಂಡೇಟಿಗೆ ಬಲಿಯಾದ ಒಬ್ಬ ಸೆನೆಟರ್ ಅವರ ಶವದ ರೈಲು ನ್ಯೂಯಾರ್ಕಿನಿಂದ ಅಂಗಡಿಯ ಹಿಂದಿನ ಇದೇ ಹಳಿಯ ಮೇಲೆ ಬಂತು. ಜನ ಸುಡುವ ಬಿಸಿಲಲ್ಲಿ ಗಂಟೆಗಟ್ಟಲೆ ಕಾದಿದ್ದರು. ರೈಲು ಬಂದಾಗ ಇವರು ದಿಬ್ಬದ ಹಿಂದೆ ಸೋಡಾ ಕುಡಿಯುತ್ತ ಕೂತಿದ್ದರು. ಎದ್ದು ಓಡಿಬರುವಷ್ಟರಲ್ಲಿ ಕೊನೆಯ ಬೋಗಿ. "ಒಂದು ಕೈಲಿ ಬಾಟಲಿ, ತಲೆ ಮೇಲೆ ಟೋಪಿ. ಬೋಗಿಯ ಹಿಂದೆ ನಿಂತಿದ್ದ ಹೆಂಗಸು ನನ್ನನ್ನೇ ನೋಡಿದಳು" ಎಂದರು. "ಒಂದನ್ನಾದರೂ ಸರಿಯಾಗಿ ಕಳಿಸಿಕೊಡಬೇಕು, ಕಿಟ್."

ಕಳೆದ ಡಿಸೆಂಬರಿನದು ಅವರ ಕೊನೆಯ ಓಟವೆಂದು ಎಲ್ಲರಿಗೂ ಗೊತ್ತಿತ್ತು. ಜನವರಿಗೆ ಅಂಗಡಿ ಮುಚ್ಚುವುದಿತ್ತು, ಕೈ ಆ ವೇಳೆಗೆ ತೀರ ಕೆಟ್ಟಿತ್ತು. ಕ್ಲಬ್ಬಿನ ಸಂಚಾರ ನೋಡಿಕೊಳ್ಳುವ ರೀಟಾ, ನಿವೃತ್ತ ಶಾಲಾ ಟೀಚರ್, ಮೆತ್ತಗೆ ಕೇಳಿದ್ದಳು: "ಈ ಸಲ ಬೇರೆ ಯಾರಾದರೂ ಓಡಿಸಬಹುದಾ, ಸ್ಟ್ಯಾನ್?"

"ನಾನು ಸತ್ತಿದ್ದೇನಾ?" ಎಂದಿದ್ದರು ಸ್ಟ್ಯಾನ್.

ಇಲ್ಲಿ ಸ್ವಲ್ಪ ಕಸುಬಿನ ಪಾಠ. ಮೊದಲು ಹಳಿಗಳನ್ನು ತುಂಡು ತುಂಡಾಗಿ ಬೇರ್ಪಡಿಸಿ, ಒಂದೊಂದು ತುಂಡಿಗೂ ಸ್ವಿಚ್ ಇಟ್ಟು ರೈಲು ಓಡಿಸುತ್ತಿದ್ದರು. ನಾನು ಬರುವ ವೇಳೆಗೆ ಚಿಪ್ ಬಂದಿತ್ತು. ಈಗ ಎಲ್ಲ ಹಳಿಯಲ್ಲೂ ಸದಾ ಕರೆಂಟು; ಪ್ರತಿ ಎಂಜಿನ್ನಿನ ಹೊಟ್ಟೆಯಲ್ಲಿ ಉಗುರಿನಷ್ಟು ಚಿಪ್, ಅದಕ್ಕೊಂದು ನಂಬರು. ಕೈಯಲ್ಲಿರುವ ರಿಮೋಟಿನಲ್ಲಿ ಆ ನಂಬರು ಒತ್ತಿ ಗುಂಡಿ ತಿರುಗಿಸಿದರೆ ಆ ಎಂಜಿನ್ ಮಾತ್ರ ಹೊರಡುತ್ತದೆ. ಚಿಪ್ಪಿಗೆ ಯಾವ ನಂಬರು ಕೊಡಬೇಕು? ಎಂಜಿನ್ನಿನ ಮೈಮೇಲೆ ಬರೆದದ್ದೇ. ಎಲ್ಲರೂ ಹಾಗೇ ಮಾಡುತ್ತಾರೆ. ನಿದ್ದೆಯಲ್ಲೂ ಹಾಗೇ ಮಾಡುತ್ತೇವೆ.

ಚಿಪ್ಪಿನಲ್ಲಿ ಇನ್ನೊಂದು ಸೆಟ್ಟಿಂಗ್ ಇದೆ, ಅದನ್ನು ನಾವು 'ಭಾರ' ಎನ್ನುತ್ತೇವೆ. ಅದನ್ನು ಏರಿಸಿದಷ್ಟೂ ರೈಲು ನಿಜವಾದ ತೂಕವಿದ್ದಂತೆ ನಿಧಾನಕ್ಕೆ ಹೊರಟು ನಿಧಾನಕ್ಕೆ ನಿಲ್ಲುತ್ತದೆ. ಇಳಿಸಿದರೆ ಗುಂಡಿ ಅಲುಗಿದಂತೆಲ್ಲ ಎಂಜಿನ್ನೂ ಅಲುಗುತ್ತದೆ. ಸ್ಟ್ಯಾನ್ ಅವರ ಬೆರಳು ಆ ಗುಂಡಿಯ ಮೇಲಿದ್ದರೆ ರೈಲು ಹೇಗೆ ಹೋದೀತೆಂದು ನನಗೆ ಗೊತ್ತಿತ್ತು. ಲೋಟ ಎತ್ತಿ ತೋರಿಸಿದವನು ನಾನೇ ತಾನೆ. ಆ ಗುರುವಾರ ಒಬ್ಬನೇ ಕ್ಲಬ್ಬಿಗೆ ಹೋಗಿ, ಅವರ ನೀಲಿ ಎಂಜಿನ್ನಿನ ಭಾರವನ್ನು ಸುಮಾರು ಮೇಲಕ್ಕೆ ಏರಿಸಿದೆ. ನನ್ನ ಕೈಯನ್ನು ಬೇಕೆಂದೇ ನಡುಗಿಸಿ ಓಡಿಸಿ ನೋಡಿದೆ. ರೈಲಿಗೆ ನಡುಕ ತಿಳಿಯಲೇ ಇಲ್ಲ. ನಿಲ್ಲಲು ಮಾತ್ರ ಹನ್ನೊಂದು ಅಡಿ ಬೇಕಾಯಿತು. ಕೊನೆಯಲ್ಲಿ ಪಕ್ಕದಲ್ಲಿ ನಿಂತು ಹೇಗೋ ಸುಳಿವು ಕೊಟ್ಟರಾಯಿತು ಎಂದುಕೊಂಡೆ. ಅವರಿಗೆ ಹೇಳಲಿಲ್ಲ. ಹೇಳಿದರೆ ನಡುಕದ ಮಾತು ಬರುತ್ತದೆ.

ಶನಿವಾರ ಬೆಳಿಗ್ಗೆ ಜನ ತುಂಬಿದ್ದರು. ರೀಟಾಳದೊಂದು ಹೊಸ ಯೋಜನೆ: ಕ್ಲಬ್ಬಿನಲ್ಲಿ ಇನ್ನೂ ಒಂಬತ್ತು ಜನರ ಹತ್ತಿರ ಅದೇ ನೀಲಿ ಎಂಜಿನ್ ಇತ್ತು, ಅವನ್ನೆಲ್ಲ ಪಕ್ಕದ ಹಳಿಗಳ ಮೇಲೆ ಮುಖ್ಯ ಹಳಿಗೆ ಮುಖ ಮಾಡಿ, ವಂದನೆ ಸಲ್ಲಿಸುವ ಸಾಲಿನಂತೆ ನಿಲ್ಲಿಸಿದ್ದಳು. ನೋಡಲು ಚೆನ್ನಾಗಿತ್ತು. ಒಂಬತ್ತಕ್ಕೂ ಚಿಪ್ ಹಾಕಿದವನು ನಾನು. "ನೋಡಿ, ಎಲ್ಲ ನನ್ನ ಮಕ್ಕಳು" ಎಂದು ಜಂಬ ಕೊಚ್ಚಿಕೊಂಡೆ.

ಸ್ಟ್ಯಾನ್ ಹಳೆಯ ರೈಲ್ವೆ ಟೋಪಿ ತೆಗೆದು ಮೇಜಿನ ಮೇಲಿಟ್ಟರು. ಎಲ್ಲರೂ ತೆಗೆದರು, ಒಬ್ಬರನ್ನು ಬಿಟ್ಟು. ಅವರು ನಾಲ್ಕಂಕಿ ಒತ್ತಿ ಗುಂಡಿ ತಿರುಗಿಸಿದರು.

ಭಾರ ಹೊತ್ತ ಶವದ ರೈಲು ಇನ್ನೂ ಕದಲಿರಲಿಲ್ಲ. ಪಕ್ಕದ ಒಂಬತ್ತು ಎಂಜಿನ್ನುಗಳೂ ಒಟ್ಟಿಗೆ ಹೊರಟವು.

ಹತ್ತಕ್ಕೂ ಮೈಮೇಲೆ ಒಂದೇ ನಂಬರು. ಹತ್ತರ ಹೊಟ್ಟೆಯಲ್ಲೂ ಒಂದೇ ನಂಬರು. ಒಂದೊಂದೂ ಒಂದೊಂದು ಮನೆಯಲ್ಲಿ ಒಂಟಿಯಾಗಿದ್ದಾಗ ಯಾರಿಗೂ ತೊಂದರೆಯಿರಲಿಲ್ಲ. ಇಂಥ ತಪ್ಪನ್ನು ಮಾಡಲು ಮೂರ್ಖನಾದರೆ ಸಾಲದು, ಕಸುಬು ಚೆನ್ನಾಗಿ ಗೊತ್ತಿರಬೇಕು.

"ಅಯ್ಯಯ್ಯೋ, ಕಿಟ್ಟಿ! ಎಲ್ಲಾ ಹೊರಟ್ವಲ್ಲೋ!" ಎಂದು ಕೂಗಿದರು ಸೀತಾರಾಮ್ ಅಂಕಲ್. "ಏನಿದು, ಹೀಗೆ ನಡುಗ್ತಾ..."

ಅಲ್ಲಿಗೇ ಬಾಯಿ ಮುಚ್ಚಿದರು. ಅಷ್ಟರಲ್ಲಿ ಎಲ್ಲರಿಗೂ ಕಂಡಿತ್ತು. ಆ ಒಂಬತ್ತರಲ್ಲಿ ಭಾರವಿರಲಿಲ್ಲ. ಸ್ಟ್ಯಾನ್ ಅವರ ಬೆರಳು ಹೇಗೆ ಅದುರುತ್ತಿತ್ತೋ ಹಾಗೇ ಒಂಬತ್ತೂ ಅದುರುತ್ತಿದ್ದವು. ಎರಡು ಇಂಚು ಮುಂದೆ, ಒಂದು ಕ್ಷಣ ತಡೆ, ಮತ್ತೆ ಜಿಗಿತ. ಮೂರು ವರ್ಷ ಯಾರೂ ಆಡದ ಮಾತನ್ನು ಒಂಬತ್ತು ನೀಲಿ ಎಂಜಿನ್ನುಗಳು ಸಾಲಾಗಿ ಆಡಿ ತೋರಿಸುತ್ತಿದ್ದವು. ನನಗಿಂತ ದೊಡ್ಡ ಮಿಮಿಕ್ರಿಯವರು. ಅವುಗಳ ನಡುವೆ ಶವದ ರೈಲು, ನಾನು ಕದ್ದು ಕೊಟ್ಟ ಭಾರದಿಂದ, ಹೊಳೆಯ ಮೇಲಿನ ದೋಣಿಯಂತೆ ನುಣ್ಣಗೆ ಹೊರಟಿತು.

ನಾನು ಕರೆಂಟು ಕತ್ತರಿಸುವ ಕೆಂಪು ಗುಂಡಿಗೆ ಕೈ ಚಾಚಿದೆ.

"ಮುಟ್ಟಬೇಡ" ಎಂದರು ಸ್ಟ್ಯಾನ್. ಮುಖ ಕೆಂಪಾಗಿತ್ತು, ದನಿ ಏರಲಿಲ್ಲ. "ಹೊರಟ ಮೇಲೆ ನಿಲ್ಲೋ ಹಾಗಿಲ್ಲ."

ರೀಟಾ ಮೊದಲು ಕದಲಿದಳು. ಮಾತಾಡದೆ ಮುಂದೆ ಬಗ್ಗಿ ತನ್ನ ಎಂಜಿನ್ನನ್ನು ಹಳಿಯಿಂದ ಎತ್ತಿ ಎದೆಯ ಮಟ್ಟಕ್ಕೆ ಹಿಡಿದು ನಿಂತಳು. ಅವಳನ್ನು ನೋಡಿ ಇನ್ನೊಬ್ಬರು, ಮತ್ತೊಬ್ಬರು. ಕೊನೆಗೆ ಉಳಿದದ್ದು ಸೀತಾರಾಮ್ ಅಂಕಲ್ ಅವರದು. ಜನ್ಮದಲ್ಲಿ ಎಂದೂ ಸಮಯಕ್ಕೆ ಹೊರಡದ ಅವರ ಎಂಜಿನ್ನು ಅವತ್ತು ಎಲ್ಲರಿಗಿಂತ ಮುಂದೆ ಹೋಗಿ, ಮುಖ್ಯ ಹಳಿಗೆ ಮೂತಿ ತೂರಿಸಿತ್ತು. ಶವದ ರೈಲು ಒಂದು ಮೊಳ ದೂರದಲ್ಲಿದ್ದಾಗ ಅಂಕಲ್ ಅದನ್ನು ಬಾಚಿಕೊಂಡರು. ಆಮೇಲೆ ಏನನ್ನೋ ನೆನೆಸಿಕೊಂಡವರಂತೆ, ಇನ್ನೊಂದು ಕೈಯಿಂದ ಮಂಕಿ ಕ್ಯಾಪನ್ನು ಗಲ್ಲದ ಕೆಳಗಿಂದ ಮೇಲೆತ್ತಿ ತೆಗೆದರು. ಅವರಿಗೆ ಇಷ್ಟು ಬಿಳಿಯ ಕೂದಲಿದೆಯೆಂದು ನನಗೆ ಗೊತ್ತಿರಲಿಲ್ಲ.

ಆ ಎಂಜಿನ್ನುಗಳಿಗೆಲ್ಲ ನಾನು ಒಂದು ಸಣ್ಣ ಭಾಗ ಹಾಕಿದ್ದೆ. ಹಳಿಯ ಮೇಲೆ ಕಸವಿದ್ದು ಕರೆಂಟು ತಪ್ಪಿದರೂ ಕೆಲವು ಸೆಕೆಂಡು ಓಡುವಂತೆ. ಹೀಗಾಗಿ ಎತ್ತಿದ ಮೇಲೂ ಚಕ್ರಗಳು ಅವರ ಅಂಗೈಗಳಲ್ಲಿ ತಿರುಗುತ್ತಿದ್ದವು. ರಿಮೋಟಿನ ಆಜ್ಞೆ ಬರುವುದು ಹಳಿಯ ಮೂಲಕವೇ; ಅದರ ಸಂಪರ್ಕ ತಪ್ಪಿದ್ದರಿಂದ ಸ್ಟ್ಯಾನ್ ಅವರ ಬೆರಳಿನ ಸುದ್ದಿ ಅವಕ್ಕೆ ತಲುಪುತ್ತಿರಲಿಲ್ಲ. ನಡುಕವಿಲ್ಲದೆ, ಒಂದೇ ಸಮನೆ ತಿರುಗಿ, ಒಂದೊಂದಾಗಿ ನಿಂತವು. ಒಂಬತ್ತು ಜನ ಒಂಬತ್ತು ಎಂಜಿನ್ ಹಿಡಿದು ಬರಿತಲೆಯಲ್ಲಿ ನಿಂತರು. ರೈಲು ಅವರ ಮುಂದೆ ಹಾದುಹೋಯಿತು.

ಹದಿನಾರು ನಿಮಿಷ ಯಾರೂ ಕೆಮ್ಮಲಿಲ್ಲ. ನಾನು ಸ್ಟ್ಯಾನ್ ಪಕ್ಕದಲ್ಲಿ ನಡೆಯುತ್ತ ಒಂದೇ ಲೆಕ್ಕ ಹಾಕುತ್ತಿದ್ದೆ: ಹನ್ನೊಂದು ಅಡಿ. ಎಂದಿನಂತೆ ಪ್ಲಾಟ್‌ಫಾರ್ಮ್ ಬಂದ ಮೇಲೆ ಗುಂಡಿ ತಿರುಗಿಸಿದರೆ ರೈಲು ಸ್ಟೇಷನ್ ದಾಟಿ ಗೋಡೆಗೆ ಹೊಡೆಯುತ್ತದೆ. ಈಗ ಹೇಳಬೇಕು. ಸ್ಟೇಷನ್ನಿಗೆ ಹನ್ನೊಂದು ಅಡಿ ಮೊದಲು ಸಿಗುವ ಪುಟ್ಟ ನೀರಿನ ತೊಟ್ಟಿಯ ಹತ್ತಿರ ಬಂದಾಗ ಬಾಯಿ ತೆರೆದೆ. ದನಿ ಬರಲಿಲ್ಲ, ಇಡೀ ಊರಿನ ದನಿ ಎತ್ತುವವನಿಗೆ ತನ್ನದೇ ಇರಲಿಲ್ಲ.

ಸ್ಟ್ಯಾನ್ ಅಲ್ಲೇ, ಸ್ಟೇಷನ್ ಇನ್ನೂ ಅಷ್ಟು ದೂರವಿರುವಾಗಲೇ, ಗುಂಡಿಯನ್ನು ಪೂರ್ತಿ ಸೊನ್ನೆಗೆ ತಿರುಗಿಸಿದರು. ರಿಮೋಟನ್ನು ಬೆಟ್ಟದ ಅಂಚಿನ ಮೇಲಿಟ್ಟರು. ಬಲಗೈಯನ್ನು ಪ್ಯಾಂಟಿನ ಜೇಬಿಗೆ ಸೇರಿಸಿ ನಿಂತರು. ರೈಲು ಯಾರ ಕೈಯೂ ಇಲ್ಲದೆ ಹೋಯಿತು. ಸೇತುವೆ ದಾಟಿತು, ತಿರುವು ದಾಟಿತು, ನಿಧಾನವಾಯಿತು. ಪಾರದರ್ಶಕ ಬೋಗಿ ಪ್ಲಾಟ್‌ಫಾರ್ಮಿನ ನಟ್ಟನಡುವೆ ಬಂದಾಗ ನಿಂತಿತು.

ಜನ ಕಾಫಿಗೆ ಹೋದ ಮೇಲೆ ಸ್ಟ್ಯಾನ್ ಕೇಳಿದರು. "ಭಾರ ಎಷ್ಟಿಟ್ಟಿದ್ದೆ?"

ಹೇಳಿದೆ.

"ಹೊರಟ ಕೂಡಲೇ ಗೊತ್ತಾಯ್ತು. ನಲವತ್ತು ವರ್ಷ ಭಾರದ ರೈಲೇ ಓಡಿಸಿದ್ದು ನಾನು." ಜೇಬಿನಿಂದ ಕೈ ಹೊರತೆಗೆದರು. "ನನ್ನನ್ನು ಕೇಳಬಹುದಿತ್ತು, ಕಿಟ್."

"ನಿಮಗೆ ಬೇಜಾರಾಗುತ್ತೆ ಅಂತ..."

"ಬೇಜಾರು ಮಾಡ್ಕೊಳ್ಳೋದು ನನ್ನ ಕೆಲಸ. ಅದನ್ನೂ ನೀನೇ ಮಾಡಿಬಿಟ್ಟರೆ ನನಗೇನು ಉಳೀತು?"

ಟೋಪಿ ಎತ್ತಿಕೊಳ್ಳಲು ಹೋದರು. ಕೈ ಎರಡು ಸಲ ತಪ್ಪಿತು. ಎತ್ತಿ ಕೊಡಲು ನಾನು ಮುಂದಾಗಿ, ತಡೆದು ನಿಂತೆ. ಮೂರನೆಯ ಸಲ ಅವರೇ ಎತ್ತಿಕೊಂಡು ಹಾಕಿಕೊಂಡರು.

ಅಂಗಡಿಯ ಜಾಗದಲ್ಲಿ ಈಗ ಬಬಲ್ ಟೀ ಮಾರುತ್ತಾರೆ. ಹೊಸದಾಗಿ ಬಂದ ನೀವಿಬ್ಬರೂ ಆ ಒಂಬತ್ತು ಎಂಜಿನ್ನುಗಳ ನಂಬರು ಬದಲಿಸಿ. ನಾನಿನ್ನೂ ಬದಲಿಸಿಲ್ಲ, ಬೆನ್ನು ಒಪ್ಪುತ್ತಿಲ್ಲ. ಯಾರ ಎಂಜಿನ್ನಿಗೆ ಏನೇ ಮಾಡುವುದಿದ್ದರೂ ಅವರನ್ನು ಕೇಳಿ ಮಾಡಿ. ಕೇಳುವುದು ಚಿಪ್ ಹಾಕುವುದಕ್ಕಿಂತ ಕಷ್ಟ, ಅದಕ್ಕೆ ಭೂತಗನ್ನಡಿಯೂ ಇಲ್ಲ.

ಸ್ಟ್ಯಾನ್ ಶನಿವಾರಗಳಂದು ಕ್ಲಬ್ಬಿಗೆ ಬಂದು ಕುರ್ಚಿಯಲ್ಲಿ ಕೂರುತ್ತಾರೆ. ರಿಮೋಟು ಮುಟ್ಟುವುದಿಲ್ಲ. ಮೊನ್ನೆ ಅವರ ಮುಂದೆಯೇ ಸೀತಾರಾಮ್ ಅಂಕಲ್, "ಕಿಟ್ಟಿ, ಬಹಳ ದಿನ ಆಯ್ತು, ಒಂದ್ಸಲ ಸ್ಟ್ಯಾನ್ ಮಾಡೋ" ಎಂದುಬಿಟ್ಟರು. ನಾನು ಸ್ಟ್ಯಾನ್ ಕಡೆ ನೋಡಿ, "ಮಾಡಲಾ?" ಎಂದು ಕೇಳಿದೆ. ಅವರು ಹೂಂ ಎಂದು ತಲೆಯಾಡಿಸಿದರು. ನೀರಿನ ತೊಟ್ಟಿಯ ಹತ್ತಿರ ಹೋಗಿ, ಇಲ್ಲದ ರಿಮೋಟನ್ನು ಬೆಟ್ಟದ ಅಂಚಿನ ಮೇಲಿಟ್ಟು, ಬಲಗೈ ಜೇಬಿಗೆ ಸೇರಿಸಿ, ಖಾಲಿ ಹಳಿಯನ್ನು ನೋಡುತ್ತ ನಿಂತೆ. ಯಾರೂ ನಗಲಿಲ್ಲ.

ಸ್ಟ್ಯಾನ್ ಬಹಳ ಹೊತ್ತು ನೋಡಿದರು. ಈ ಸಲ ಏನನ್ನೂ ತಿದ್ದಲಿಲ್ಲ.